ಅತ್ತೆಯ ಗಂಟಿನ ಹಸಿರು ಚೂರುಗಳು

ನಾನು ಚಿಕ್ಕವಳಿದ್ದ ಕಾಲಕ್ಕೆ ನಮ್ಮ ಗದಗ ಇನ್ನೂ ಧಾರವಾಡ ಜಿಲ್ಲೆಯೊಳಗೇ ಇತ್ತು. ಈಗಿನ ಹಾಗೆ ಹೊಸ ಜಿಲ್ಲೆ, ಹೊಸ ಕಚೇರಿ, ಹೊಸ ಬೋರ್ಡು ಯಾವುದೂ ಇರಲಿಲ್ಲ. ನಮ್ಮ ಮನೆ ಬೆಟಗೇರಿಯಲ್ಲಿ. ಬೆಳಿಗ್ಗೆ ಓಣಿಯ ಮಗ್ಗಗಳು ಟಕ್ ಟಕ್ ಎನ್ನಲು ಶುರುವಾದರೆ ನಾನು ಪಾಟಿಚೀಲ ಹೆಗಲಿಗೇರಿಸಿ ಕಾನ್ವೆಂಟಿಗೆ ಹೊರಡುತ್ತಿದ್ದೆ. ಇಡೀ ಓಣಿಯಲ್ಲಿ ಇಂಗ್ಲಿಷ್ ಕಲಿಯುವವಳು ನಾನೊಬ್ಬಳೇ. ಅದರ ಸೊಕ್ಕು ನನಗೆ ಸ್ವಲ್ಪ ಇತ್ತು. ಸ್ವಲ್ಪ ಅಂದೆನಲ್ಲ, ಬಹಳೇ ಇತ್ತು.

ಒಂದು ದಿನ ಶಾಲೆಯಲ್ಲಿ ಸಿಸ್ಟರ್ ಒಡೆದ ಚೂರುಗಳ ಹೆಸರು ಹೇಳಿಕೊಟ್ಟರು. ಪೀಸ್, ಚಿಪ್, ಬಿಟ್, ಸ್ಪ್ಲಿಂಟರ್, ಶಾರ್ಡ್. ಒಡೆಯುವುದಕ್ಕೂ ಬೇರೆ ಬೇರೆ ಶಬ್ದ. ಬಿರುಕು ಬಿಟ್ಟರೆ ಕ್ರ್ಯಾಕ್, ಬಡಿದು ಒಡೆದರೆ ಸ್ಮ್ಯಾಶ್, ಚೂರುಚೂರಾಗಿ ಸಿಡಿದರೆ ಶ್ಯಾಟರ್. ಪುಠಾಣಿ ಅಗಿದ ಹಾಗೆ ಅವು ನಮ್ಮ ಬಾಯಲ್ಲಿ ಕಟಕಟ ಎನ್ನುತ್ತಿದ್ದವು. ಮರುದಿನ ಎಲ್ಲರೂ ಒಂದು ರಟ್ಟಿನ ಮೇಲೆ ಯಾವುದಾದರೂ ಒಡೆದ ವಸ್ತುವಿನ ಚೂರುಗಳನ್ನು ದೊಡ್ಡದರಿಂದ ಪುಡಿಯವರೆಗೆ ಸಾಲಾಗಿ ಅಂಟಿಸಿ, ಕೆಳಗೆ ಹೆಸರು ಬರೆದು ತರಬೇಕು ಎಂದರು.

ಮನೆಯಲ್ಲಿ ಒಡೆದದ್ದೆಂದರೆ ಹಳೇ ಗಡಿಗೆ, ಪಾಟಿಯ ತುಂಡು. ಎಲ್ಲರೂ ಅದನ್ನೇ ತರುವವರು. ನನಗೆ ಯಾರೂ ತರದ್ದು ಬೇಕಿತ್ತು.

ಆಗ ಅಪ್ಪನ ಅಕ್ಕ, ನಮ್ಮ ಅತ್ತೆ, ಶಿಗ್ಲಿಯಿಂದ ಬಂದು ನಮ್ಮಲ್ಲೇ ಇದ್ದಳು. ಅವಳ ಗಂಡ, ನಮ್ಮ ಮಾಮಾ, ತೀರಿಕೊಂಡು ಆರು ತಿಂಗಳಾಗಿತ್ತು. ಗಂಡ ಹೋದ ಹೆಣ್ಣುಮಕ್ಕಳ ಕೈಬಳೆ ಒಡೆದು ತೆಗೆಯುವ ಪದ್ಧತಿ ಆಗ ಇತ್ತು; ಅತ್ತೆಗೂ ಹಾಗೇ ಮಾಡಿದ್ದರು. ಅವ್ವ ರೊಟ್ಟಿ ಬಡಿಯುವಾಗ ಬಳೆಯ ಸದ್ದೂ ಕೂಡಿ ಬರುತ್ತಿತ್ತು. ಅತ್ತೆ ಬಡಿಯುವಾಗ ಬರೀ ರೊಟ್ಟಿಯ ಸದ್ದು.

ಅವಳು ತನ್ನ ಜೊತೆ ತಂದದ್ದು ಒಂದೇ ತಗಡಿನ ಟ್ರಂಕು. ಅದರ ತಳದಲ್ಲಿ ಬಿಳಿ ಅರಿವೆಯ ಗಂಟೊಂದಿತ್ತು. ಒಮ್ಮೆ ಮಧ್ಯಾಹ್ನ ಅವಳು ಅದನ್ನು ಬಿಚ್ಚಿ ನೋಡುವುದನ್ನು ನಾನು ಬಾಗಿಲ ಸಂದಿಯಿಂದ ಕಂಡಿದ್ದೆ. ಹಸಿರು ಗಾಜಿನ ಬಳೆಚೂರುಗಳು, ಒಂದೊಂದರ ಮೇಲೂ ಬಂಗಾರಬಣ್ಣದ ಚುಕ್ಕಿ. ಅವು ಯಾವ ಬಳೆಗಳೆಂದು ನನಗೆ ಗೊತ್ತಿರಲಿಲ್ಲ ಎಂದು ಹೇಳಿದರೆ ಸುಳ್ಳಾದೀತು. ಮೂರು ಗಂಟು ಹಾಕಿ ಇಟ್ಟದ್ದನ್ನು ಮುಟ್ಟಬಾರದು ಎನ್ನುವಷ್ಟು ತಿಳಿವಳಿಕೆಯೂ ನನಗಿತ್ತು. ಆದರೂ ಅತ್ತೆ ನೀರಿಗೆ ಹೋದ ಹೊತ್ತು ನೋಡಿ ಗಂಟು ಬಿಚ್ಚಿದೆ.

ಚೂರುಗಳೆಲ್ಲ ಹೆಚ್ಚುಕಡಿಮೆ ಒಂದೇ ಅಳತೆಯವು. ಸಣ್ಣವೂ ಬೇಕಲ್ಲ? ಹಿತ್ತಲಿಗೆ ಒಯ್ದು, ಕೆಲವನ್ನು ಬದಿಗಿಟ್ಟು ಉಳಿದವನ್ನು ಎಲೆ-ಅಡಿಕೆ ಕುಟ್ಟುವ ಕುಟ್ಟಾಣಿಯಲ್ಲಿ ಹಾಕಿ ಕುಟ್ಟಿದೆ. ಬಾಯಲ್ಲಿ ಕ್ರ್ಯಾಕ್, ಸ್ಮ್ಯಾಶ್ ಎಂದು ಪಾಠ ಒಪ್ಪಿಸುತ್ತಲೇ ಕುಟ್ಟಿದೆ. ಗಾಜು ಮೊದಲು ಕಟ್ಟೆಂದಿತು, ಆಮೇಲೆ ಸಕ್ಕರೆ ತುಳಿದಂತೆ ಕರಕರ ಎಂದಿತು, ಕೊನೆಗೆ ಸುಮ್ಮನಾಯಿತು. ಬಿಸಿಲಿಗೆ ಹಿಡಿದು ನೋಡಿದರೆ ಹಸಿರು ಹೋಗಿ ಬೂದಿಯಂಥ ಪುಡಿ ಉಳಿದಿತ್ತು. ಜಾಲಿ ಅಂಟು ಕಲಸಿ ಎಲ್ಲವನ್ನೂ ರಟ್ಟಿಗೆ ಹಚ್ಚಿದೆ.

ಸಿಸ್ಟರ್ ನನ್ನ ರಟ್ಟನ್ನು ಎತ್ತಿ ಹಿಡಿದು ಇಡೀ ಕ್ಲಾಸಿಗೆ ತೋರಿಸಿದರು. ಮನೆಯಲ್ಲೂ ತೋರಿಸು ಎಂದು ಬೆನ್ನು ತಟ್ಟಿ ಕಳಿಸಿದರು.

ಮನೆಗೆ ಬಂದರೆ ಅತ್ತೆಯ ಟ್ರಂಕು ತೆರೆದಿತ್ತು. ಅವಳು ಒಂದೊಂದೇ ಸೀರೆ ಜಾಡಿಸಿ ಮಡಚಿಡುತ್ತಿದ್ದಳು. ಏನು ಕಳೆದಿದೆ ಎಂದು ಅವ್ವ ಕೇಳಿದರೆ ಏನಿಲ್ಲ ಎನ್ನುತ್ತಿದ್ದಳು. ನಾನು ರಟ್ಟನ್ನು ಬೆನ್ನ ಹಿಂದೆ ಹಿಡಿದು ಒಳಗೆ ಜಾರಬೇಕೆನ್ನುವಷ್ಟರಲ್ಲಿ ಪಡಸಾಲೆಯಲ್ಲಿ ಕೂತಿದ್ದ ಅಪ್ಪ ಅದನ್ನು ಕಸಿದುಕೊಂಡ. ಇಂಗ್ಲಿಷ್ ಅಕ್ಷರ ಕಂಡು ಅವನ ಮುಖ ಅರಳಿತು. ಚೂರುಗಳ ಕಡೆ ಅವನ ಲಕ್ಷ್ಯವೇ ಹೋಗಲಿಲ್ಲ.

“ಅಕ್ಕಾ, ಜಲ್ದಿ ಬಾ ಇಲ್ಲಿ. ನಮ್ಮ ಹುಡುಗಿ ಏನ ಬರದಾಳ ನೋಡು.”

ಅತ್ತೆ ಬಂದು ನೋಡಿದಳು. ಅವಳ ಎಡಗೈ ತಾನಾಗಿಯೇ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡಿತು. “ಓದವ್ವಾ” ಎಂದಳು.

ನಾನು ಓದಿದೆ. ಕ್ಲಾಸಿನಲ್ಲಿ ಒಪ್ಪಿಸುವ ರಾಗದಲ್ಲೇ, ಸಾಲಿನ ಕೊನೆಯವರೆಗೆ.

“ಇದಕ್ಕ ಇಷ್ಟು ಹೆಸರು ಅದಾವೇನವ್ವಾ?” ಎಂದಳು ಅತ್ತೆ. “ನಮ್ಮ ಮನ್ಯಾಗ ಇದರ ಹೆಸರ ಯಾರೂ ಎತ್ತಂಗಿಲ್ಲ.”

ಖರೆ. ನಮ್ಮಲ್ಲಿ ಬಳೆ ಒಡೆಯಿತು ಎನ್ನುವುದೇ ಅಪಶಕುನ, ಹೆಚ್ಚಿತು ಅನ್ನಬೇಕು. ಆರು ತಿಂಗಳಿಂದ ಅವಳ ಮುಂದೆ ಬಳೆಯ ಮಾತನ್ನೇ ಯಾರೂ ಆಡಿರಲಿಲ್ಲ. ಆಡಿದವಳು ನಾನೇ ಮೊದಲು, ಅದೂ ರಾಗವಾಗಿ.

ಅಪ್ಪನಿಗೆ ಆಗ ತಿಳಿಯಿತು. ಕೈ ಎತ್ತಿಕೊಂಡು ಎದ್ದ. ಅತ್ತೆ ಅಡ್ಡ ಬಂದಳು. “ಬಿಡೋ, ಕೂಸು ಅದು” ಎಂದವಳೇ ನನ್ನ ಕಡೆ ತಿರುಗಿದಳು. “ನಿಮ್ಮ ಮಾಮಾ ಲಕ್ಷ್ಮೇಶ್ವರದ ಸಂತ್ಯಾಗ ಮುಂದ ಕುಂತು ಇಡಿಸಿದ್ರವ್ವಾ ಇವನ್ನ. ಗಂಡಸು ಬಳಿ ಆರಿಸೂದು ನೋಡಿ ಬಳಿಗಾರ ನಕ್ಕಿದ್ದ.”

ಅವತ್ತು ನನಗೆ ಏಟು ಬೀಳಲಿಲ್ಲ. ಬಿದ್ದಿದ್ದರೆ ಅಷ್ಟಾದರೂ ತೀರುತ್ತಿತ್ತು.

ಅವಳು ರಟ್ಟನ್ನು ಒದ್ದೆ ಅರಿವೆಯಿಂದ ನೆನೆಸಿ ಒಂದೊಂದೇ ಚೂರನ್ನು ಎಬ್ಬಿಸಿದಳು. ಪುಡಿ ಮಾತ್ರ ಅಂಟಿನಲ್ಲೇ ಕೂತಿತ್ತು. ಉಗುರಿನಿಂದ ಕೆರೆದು ನೋಡಿದಳು. ಬೆರಳಿಗೆ ಗಾಜು ಚುಚ್ಚಿ ರಕ್ತ ಬಂದಾಗ ಸೆರಗಿಗೆ ಒರೆಸಿಕೊಂಡು, ಉಳಿದಷ್ಟನ್ನು ಗಂಟು ಕಟ್ಟಿದಳು. ನಾನು ಕಂಬಕ್ಕೆ ಆತುಕೊಂಡು ನಿಂತೇ ಇದ್ದೆ. ಹೋಗಿ ಅವಳ ಕೈ ಹಿಡಿಯಬೇಕು ಅನ್ನಿಸಿತು, ಹಿಡಿಯಲಿಲ್ಲ.

ಈಗ, ಮಕ್ಕಳೇ, ನಿಮ್ಮ ಶಾಲೆಯ ಕೆಲಸಕ್ಕೆ ಬೇಕಾದ ಚಿತ್ರ, ಚಾರ್ಟು ಎಲ್ಲ ಅಂಗಡಿಯಲ್ಲೇ ಸಿಗುತ್ತವೆ, ಯಾರ ಗಂಟನ್ನೂ ಬಿಚ್ಚಬೇಕಿಲ್ಲ. ನಿಮ್ಮ ಟೀಚರ್ ತಮ್ಮ ಯಜಮಾನರು ತೀರಿಕೊಂಡ ಮೇಲೂ ಕೈತುಂಬ ಬಳೆ ಇಟ್ಟುಕೊಂಡೇ ಬರುತ್ತಾರೆ. ನಿಮಗೆ ಅದು ವಿಶೇಷ ಅನ್ನಿಸುವುದೂ ಇಲ್ಲ. ಒಳ್ಳೆಯದಾಯಿತು. ಚಹಾದ ಕಪ್ಪು ಕೈಜಾರಿದರೆ ಅದು ನೆಲ ಮುಟ್ಟುವ ಮೊದಲೇ ‘ಸಾರಿ ಅಜ್ಜಿ’ ಅನ್ನುತ್ತೀರಿ. ಬರೀ ಬಾಯಿಮಾತಿಗೆ ಅಂತೀರಿ ಎಂದು ನಿಮ್ಮಮ್ಮ ರೇಗುತ್ತಾಳೆ. ನಾನು ರೇಗುವುದಿಲ್ಲ.

ಅತ್ತೆ ಅದಾದ ಮೇಲೆ ಹದಿನಾಲ್ಕು ವರ್ಷ ನಮ್ಮ ಮನೆಯಲ್ಲಿದ್ದಳು. ದಿನಾ ನನ್ನ ಜಡೆ ಹೆಣೆದಳು, ರೊಟ್ಟಿ ಬಡಿದು ಹಾಕಿದಳು. ನನ್ನ ಮದುವೆಗೆ ಬಳೆಗಾರ ಮನೆಗೆ ಬಂದು ಹಸಿರು ಬಳೆ ಇಡುತ್ತಿದ್ದಾಗ ಅಡುಗೆಮನೆಯ ಬಾಗಿಲಲ್ಲೇ ನಿಂತು ನೋಡಿದಳು. ತಪ್ಪಾತು ಅತ್ತಿ ಎಂದು ಆವತ್ತಾದರೂ ನಾನು ಅನ್ನಬಹುದಿತ್ತು. ಅನ್ನಲಿಲ್ಲ.