ಥೂ ಮೇಸ್ತ್ರಿ ಬಾಯಿ ಮುಚ್ಚಿಕೊಂಡ ದಿನ

ಬೆಸುಗೆ ಅಂಗಡಿಗಳ ಆ ಬೀದಿಯಲ್ಲಿ ಅವನ ನಿಜವಾದ ಹೆಸರು ಯಾರಿಗೂ ನೆನಪಿರಲಿಲ್ಲ. ಎಲ್ಲರಿಗೂ ಅವನು ಥೂ ಮೇಸ್ತ್ರಿ. ಬೇರೆಯವರ ಕೆಲಸ ಕಣ್ಣಿಗೆ ಬಿದ್ದರೆ ಸಾಕು, ಮೂಗು ಮುರಿದು ಥೂ ಅನ್ನುತ್ತಿದ್ದ. ಜ್ವರ ಬಂದು ಆಸ್ಪತ್ರೆ ಸೇರಿದಾಗಲೂ ಮಂಚದ ಕಾಲಿನ ಬೆಸುಗೆ ನೋಡಿ ಥೂ ಅಂದು ಮಗ್ಗುಲು ಬದಲಿಸಿದ್ದನಂತೆ. ಹೆಣ್ಣು ಕೇಳಲು ಹೋದ ದಿನ ಆ ಮನೆಯ ಗೇಟಿಗೇ ಥೂ ಅಂದ. ಗೇಟು ಮಾಡಿದವನು ಹುಡುಗಿಯ ಅಪ್ಪ! ಆ ಹಿರಿಯ ಎದ್ದು ಬಂದು ಗೇಟಿನ ಮೂಲೆ ಸವರಿ, "ಹೌದಪ್ಪ, ಆವತ್ತು ಕರೆಂಟು ಸರಿ ಇರ್ಲಿಲ್ಲ" ಎಂದು ಒಪ್ಪಿಕೊಂಡು ಮಗಳನ್ನು ಕೊಟ್ಟ.

ಅದು ಜಂಬವಲ್ಲ. ಕೆಟ್ಟ ಕೆಲಸ ಕಂಡರೆ ಅವನಿಗೆ ನಿಜಕ್ಕೂ ಹೊಟ್ಟೆ ತೊಳಸುತ್ತಿತ್ತು, ಬಾಯಿಗಿಟ್ಟ ತುತ್ತಿನಲ್ಲಿ ಕೂದಲು ಸಿಕ್ಕವರ ಹಾಗೆ. ಬೀದಿಯವರು ಬೈದುಕೊಂಡೇ ಅವನನ್ನು ಬಳಸಿಕೊಂಡರು. ಏನೇ ಕೆಲಸ ಮುಗಿದರೂ ಗಿರಾಕಿಗೆ ಕೊಡುವ ಮೊದಲು ಅವನ ಅಂಗಡಿಯ ಮುಂದೆ ಹಾಯಿಸಿಕೊಂಡು ಹೋಗುವುದು ರೂಢಿಯಾಯಿತು. ಥೂ ಬೀಳದಿದ್ದರೆ ಮಾಲು ಪಾಸು.

ಮನೆಯಲ್ಲಿ ಮಾತ್ರ ಆ ಒಂದಕ್ಷರ ದುಬಾರಿಯಾಗಿತ್ತು. ಹೆಂಡತಿಯ ತಮ್ಮ ಹೊಸ ಮನೆ ಕಟ್ಟಿಸಿ ನೆಂಟರಿಷ್ಟರನ್ನೆಲ್ಲ ಕರೆದಿದ್ದ. ಮೇಸ್ತ್ರಿ ಮೆಟ್ಟಿಲಿನ ಕಂಬಿ ಹಿಡಿದ, ಅದು ಅಲುಗಾಡಿತು, ತುಂಬಿದ ಸಭೆಯಲ್ಲಿ ಥೂ ಅಂದ. ಅಂದಿನಿಂದ ಭಾವ ಭಾವಮೈದುನ ಎಣ್ಣೆ ಸೀಗೆಕಾಯಿ. ನಡುವೆ ನವೆದವಳು ಅಕ್ಕ. ತಮ್ಮನ ಮಗು ಹುಟ್ಟಿದ ಸುದ್ದಿ ಅವಳಿಗೆ ತರಕಾರಿಯವಳ ಬಾಯಿಂದ ತಿಳಿಯಿತು.

ಅಂಥ ತಮ್ಮ ಒಂದು ಬೆಳಿಗ್ಗೆ ತಾನಾಗಿಯೇ ಅಂಗಡಿಗೆ ಬಂದ. ಹಳೆಯ ಪುಟ್ಟ ಜೀಪೊಂದನ್ನು ಕೊಂಡಿದ್ದ. ರಜೆಯ ದಿನ ಗೆಳೆಯರೊಂದಿಗೆ ಕೆಸರು ಗುಡ್ಡ ಹತ್ತಿಸುವ ಹುಚ್ಚು. ಜೀಪು ಮಗುಚಿದರೆ ತಲೆ ಅಪ್ಪಚ್ಚಿಯಾಗದಂತೆ ಒಳಗೆ ಕೂರಿಸುವ ಪೈಪಿನ ಪಂಜರ, ರೋಲ್ ಕೇಜು, ಎಲ್ಲಿಂದಲೋ ಸಿದ್ಧವಾದದ್ದನ್ನೇ ತಂದಿದ್ದ. "ಭಾವ, ಕೂರಿಸಿಕೊಡೋದು ಮಾತ್ರ ನಿಮ್ಮ ಕೈಯಿಂದಾನೇ ಆಗ್ಬೇಕು" ಅಂದ. ಹಿಂದಿನ ಸಂಜೆ ಮನೆಗೆ ಬಂದು ಅಕ್ಕನ ಕೈ ಹಿಡಿದುಕೊಂಡು ಅತ್ತಿದ್ದನಂತೆ.

ಆ ಬೆಳಿಗ್ಗೆ ಮೇಸ್ತ್ರಿ ಮನೆ ಬಿಡುವಾಗ ಹೆಂಡತಿ ಬಾಗಿಲಿಗೆ ಅಡ್ಡ ನಿಂತಿದ್ದಳು. "ರೀ, ನಿಮ್ಮ ದಮ್ಮಯ್ಯ. ಇವತ್ತೊಂದಿನ ಆ ಬಾಯಿಗೆ ಬೀಗ ಹಾಕ್ಕೊಳ್ಳಿ. ಇನ್ನೊಂದು ಸಲ ಅವನು ಮುನಿಸ್ಕೊಂಡು ಹೋದ್ರೆ ತಿರುಗಿ ಬರಲ್ಲ."

ಪಂಜರದ ಸುತ್ತ ಒಂದು ಸುತ್ತು ಬರುವಷ್ಟರಲ್ಲಿ ಮೇಸ್ತ್ರಿಗೆ ಓಕರಿಕೆ ಬಂತು. ಮೇಲೆ ಥಳಕು, ಒಳಗೆ ಹುಳುಕು. ಮೆತ್ತಿದ ಕೆಂಪು ಬಣ್ಣ ಮದುವೆ ಮನೆಯ ಕುರ್ಚಿಗಿಂತ ಹೆಚ್ಚು ಹೊಳೆಯುತ್ತಿತ್ತು. ಬಗ್ಗಿಸಿದ ಕಡೆಯೆಲ್ಲ ಪೈಪು ಒಳಗೆ ಸುಕ್ಕುಗಟ್ಟಿತ್ತು. ಕೀಲುಗಳನ್ನು ಸವರಿ ನೋಡಿದರೆ ಬೆಸುಗೆ ಮುಕ್ಕಾಲು ಸುತ್ತು ಮಾತ್ರ. ಚಾವಣಿ ಕಡೆಗೆ ಬರುವ ಮೇಲ್ಭಾಗವನ್ನು ಯಾರೂ ನೋಡುವುದಿಲ್ಲವೆಂದು ಪುಟ್ಟಿ ಮೆತ್ತಿ ಬಣ್ಣ ಬಳಿದಿದ್ದರು. ಸ್ಪ್ಯಾನರಿನಿಂದ ತಟ್ಟಿದ. ಗಟ್ಟಿ ಪೈಪು ಠಪ್ ಅನ್ನಬೇಕು; ಇದು ಟಿಣ್ ಅಂತು. ಕುರ್ಚಿ ಮಾಡುವ ಪೈಪು.

ಥೂ ಗಂಟಲಿಗೆ ಬಂತು. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ನುಂಗಿದ.

"ಹೇಗಿದೆ ಭಾವ?"

"ಹೂಂ."

ಉರುಳಿದರೆ ತಾನೆ ಕಷ್ಟ, ಉರುಳದಿದ್ದರೆ ಆಯಿತು ಎಂದು ತನಗೆ ತಾನೇ ಹೇಳಿಕೊಂಡ. ಅವನ ಪಂಜರ, ಅವನ ತಲೆ, ನನಗೇನು? ಜೀಪಿನ ನೆಲದ ತಗಡು ತುಕ್ಕು ತಿಂದು ಉದುರುತ್ತಿತ್ತು. ಪಂಜರದ ಕಾಲುಗಳನ್ನು ಅದರ ಮೇಲಿಟ್ಟು ಬೋಲ್ಟು ಬಿಗಿದ. ನೆಲದಡಿಗೆ ದಪ್ಪ ತಗಡಿನ ತುಂಡು ಕೊಡದೆ ಅವನೆಂದೂ ಬೋಲ್ಟು ಬಿಗಿದವನಲ್ಲ. ಆದರೆ ಕೊಡಬೇಕೆಂದರೆ ಯಾಕೆಂದು ಹೇಳಬೇಕಿತ್ತು, ಹೇಳಹೊರಟರೆ ಬಾಯಿಂದ ಅದೇ ಬರುತ್ತಿತ್ತು. ಇನ್ನೊಂದು ಪದ್ಧತಿಯನ್ನೂ ಬಿಟ್ಟ. ಯಾವ ಪಂಜರ ಕೂರಿಸಿದರೂ ತಲೆಯ ಮೇಲೆ ಬಾಗುವ ದೊಡ್ಡ ಕಮಾನಿನಲ್ಲಿ ಒಂದು ಸಣ್ಣ ತೂತು ಕೊರೆಯುತ್ತಿದ್ದ, ಪೈಪಿನ ದಪ್ಪ ಯಾರು ಬೇಕಾದರೂ ನೋಡಲಿ ಎಂದು. ಆ ದಿನ ಡ್ರಿಲ್ಲನ್ನು ಮೇಜಿನ ಮೇಲೆಯೇ ಬಿಟ್ಟ. ತನ್ನ ಕೈಗಳನ್ನು ನೋಡಿಕೊಂಡರೆ ಅವನಿಗೆ ಅಸಹ್ಯವಾಗುತ್ತಿತ್ತು. ಸೋಪು ಹಾಕಿ ಎರಡೆರಡು ಸಲ ತೊಳೆದುಕೊಂಡ.

ಮಧ್ಯಾಹ್ನ ಹೆಂಡತಿ ಇಬ್ಬರಿಗೂ ಊಟದ ಕ್ಯಾರಿಯರ್ ತಂದಳು. ತಮ್ಮ ಕುಣಿಯುತ್ತಲೇ ಎದುರುಗೊಂಡ. "ಅಕ್ಕಾ, ಭಾವ ಒಂದ್ ಸಲಾನೂ ಥೂ ಅನ್ಲಿಲ್ಲ ಕಣೆ! ಬೆಳಗ್ಗೆಯಿಂದ ಕಾಯ್ತಾ ಇದ್ದೆ. ಈ ಬೀದೀಲಿ ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಯಾವುದಿದೆ ಹೇಳು? ಜೀಪು ಹತ್ತು, ಗುಡ್ಡದ ತುದಿವರೆಗೂ ಕರ್ಕೊಂಡು ಹೋಗ್ತೀನಿ."

ಮೌನಂ ಸಮ್ಮತಿ ಲಕ್ಷಣಂ. ಬೀದಿಗೆಲ್ಲ ಗೊತ್ತಿದ್ದ ಈ ಮಾತು ಮೇಸ್ತ್ರಿಗೊಬ್ಬನಿಗೆ ಹೊಳೆದಿರಲಿಲ್ಲ. ಅಕ್ಕ ನಗುತ್ತಾ ಸೆರಗು ಸಿಕ್ಕಿಸಿ, ಕೆಂಪು ಪೈಪನ್ನು ಹಿಡಿದುಕೊಂಡು ಹತ್ತಿ ಕೂತಳು. ಅವಳು ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ! ತಮ್ಮ ಇಂಜಿನ್ ಶುರು ಮಾಡಿದ.

"ಏ ಇವಳೇ, ಇಳಿ."

"ಬೇಗ ಬಂದ್ಬಿಡ್ತೀವಿ ರೀ."

"ಇಳಿ ಅಂದ್ನಲ್ಲ!"

ಮೇಸ್ತ್ರಿ ಕೈ ಚಾಚಿ ಕೀಲಿ ತಿರುಗಿಸಿ ಇಂಜಿನ್ ನಿಲ್ಲಿಸಿದ. ಡ್ರಿಲ್ ತಂದು ದೊಡ್ಡ ಕಮಾನಿಗೆ ಒತ್ತಿದ. ಒತ್ತುವ ಮೊದಲೇ ಎಂಬಂತೆ ಅದರ ಮೊನೆ ಸರ್ರನೆ ಒಳಗೆ ಹೋಯಿತು. ಭಾವಮೈದುನ ಇಳಿದು ಬಂದು ಬಗ್ಗಿ ನೋಡಿದ. ತೂತಿನ ಅಂಚು ಎಣ್ಣೆ ಡಬ್ಬದ ತಗಡಿನಷ್ಟು ತೆಳ್ಳಗಿತ್ತು. ಹೆಂಡತಿ ಬೆಸುಗೆಗಾರನ ಮಗಳು, ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಪೈಪಿನಿಂದ ಕೈ ತೆಗೆದು ಕೆಳಗಿಳಿದಳು.

"ಭಾವ, ಇದು ಬೆಳಗ್ಗೇನೇ ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು."

"ಮತ್ತೆ ಹೇಳ್ಲಿಲ್ಲ?"

"ನಾನೇ ಬೇಡ ಅಂದಿದ್ದು ಕಣೋ" ಎಂದಳು ಅಕ್ಕ.

ಅವನು ಅಕ್ಕನ ಕಡೆ ತಿರುಗಲಿಲ್ಲ. ತೂತನ್ನೊಮ್ಮೆ, ಭಾವನ ಮುಖವನ್ನೊಮ್ಮೆ ನೋಡಿದ. "ಅಕ್ಕ ಹತ್ತಿದ್ದಕ್ಕೆ ಡ್ರಿಲ್ ತಗೊಂಡ್ರಿ. ನಾನೊಬ್ನೇ ಹೊರಟಿದ್ರೆ?"

ಮೇಸ್ತ್ರಿ ಡ್ರಿಲ್ಲನ್ನು ಕೆಳಗಿಟ್ಟ. ಹೆಂಡತಿಯೂ ಅವನ ಮುಖವನ್ನೇ ನೋಡುತ್ತಿದ್ದಳು. ಬಾಯಿ ಮುಚ್ಚಿಕೊಳ್ಳಿ ಎಂದು ಅವಳು ಕೇಳಿದ್ದು ನಿಜ. ಇಂಥ ಪಂಜರ ಬಿಗಿದುಕೊಡಿ ಎಂದು ಅವಳು ಕೇಳಿರಲಿಲ್ಲ.

"ಥೂ" ಅಂದ ಭಾವಮೈದುನ.

ಊರಿಗೆಲ್ಲ ಹಂಚಿದ್ದು ಮೊದಲ ಸಲ ಮನೆಗೆ ವಾಪಸು ಬಂದಿತ್ತು. ಎಲ್ಲದರಲ್ಲೂ ಕುಂದು ಹುಡುಕುವ ಮೇಸ್ತ್ರಿಗೆ ಅದರಲ್ಲಿ ಮಾತ್ರ ಒಂದು ಕುಂದೂ ಸಿಗಲಿಲ್ಲ. ಅವನು ಸ್ಪ್ಯಾನರ್ ಎತ್ತಿಕೊಂಡು ಜೀಪಿನ ನೆಲದ ಮೇಲೆ ಮಂಡಿಯೂರಿ, ಬೆಳಿಗ್ಗೆ ತಾನೇ ಬಿಗಿದ ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚತೊಡಗಿದ.