ಕೇಶವಮೂರ್ತಿಯವರ ಎರೆಭೂತ

ಕಿದ್ವಾಯಿ ನಗರದ ನಮ್ಮ ಬ್ಲಾಕಿನಲ್ಲಿ ಕೇಶವಮೂರ್ತಿಯವರ ಕ್ಯಾಮೆರಾ ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ಆಫೀಸಿನಲ್ಲಿ ಮೇಲಧಿಕಾರಿ ಎಗರಾಡಿದರೂ ತುಟಿ ಪಿಟಕ್ಕೆನ್ನದ ಸೆಕ್ಷನ್ ಆಫೀಸರು, ಹೆಂಡತಿ ಸುಮಿತ್ರಾ ಧೂಳು ಒರೆಸಲು ಅದರ ಚೀಲವನ್ನು ತುಸು ಸರಿಸಿದರೆ ಸಾಕು, ಮನೆ ಹಾರಿಹೋಗುವಂತೆ ಕೂಗಾಡುತ್ತಿದ್ದರು. ಮೇಲಿನ ಮನೆಯವನಾದ ನನಗೆ ಅದೆಲ್ಲ ಪುಕ್ಕಟೆ ಮನರಂಜನೆ.

ಪ್ರತಿ ಚಳಿಗಾಲ ರಜೆ ಹಾಕಿ ಜೈಸಲ್ಮೇರಿನ ರೈಲು ಹತ್ತುತ್ತಿದ್ದರು. ಅಲ್ಲಿನ ಮರುಭೂಮಿ ಉದ್ಯಾನದಲ್ಲಿ ನರಿ, ಚಿಂಕಾರ, ರಣಹದ್ದು, ಗಾಳಿ ಗೆರೆ ಎಳೆದ ಮರಳದಿಬ್ಬ, ಎಲ್ಲವೂ ಅವರಿಗೆ ಸಿಕ್ಕಿದ್ದವು. ಸಿಗದೆ ಉಳಿದದ್ದು ಎರೆಭೂತ ಒಂದೇ. ಬಿಳಿ ಕತ್ತು, ತಲೆಯ ಮೇಲೆ ಕಪ್ಪು ಟೋಪಿ ಇಟ್ಟಂಥ ಎತ್ತರದ ಹಕ್ಕಿ. ಚಿಕ್ಕಂದಿನಲ್ಲಿ ರಾಣೆಬೆನ್ನೂರಿನ ಬಯಲಲ್ಲಿ ಅಪ್ಪ ತೋರಿಸಿದ್ದರಂತೆ. ಈಗ ಅಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಥಾರಿನಲ್ಲೂ ಇವರಿಗೆ ಕಂಡದ್ದು ದೂರದ ಚುಕ್ಕೆಯಾಗಿ ಮಾತ್ರ. ಒಂದೇ ಒಂದು ಸ್ಪಷ್ಟ ಚಿತ್ರ ಬೇಕೆಂಬುದು ಅವರ ಬದುಕಿನ ಹಟವಾಗಿತ್ತು.

ಹೊಸಬರ ಫೋಟೋಗಳನ್ನು ಫೋನಿನಲ್ಲಿ ತೋರಿಸಿ ನಗುತ್ತಿದ್ದರು. "ನೋಡಪ್ಪಾ ಗೋಪಿ, ತಂತಿಬೇಲಿ ಅಡ್ಡ ಇಟ್ಕೊಂಡು ಹೊಡೀತಾರೆ. ಫೋಕಸ್ ತಂತಿಗೇ ಹೋಗಿ ಕೂತ್ಕೊಳ್ಳುತ್ತೆ, ಹಕ್ಕಿ ಬರೀ ಮಂಜು!"

ಕಳೆದ ವರ್ಷ ಬೇಸಿಗೆಯಲ್ಲಿ ಅವರ ಲೆನ್ಸಿಗೆ ಕಾಯಿಲೆ ಬಂತು. ನಟ್ಟನಡುವೆ ಮಸುಕು ಕಲೆ, ನೇರ ಕಂಬಗಳೂ ಸೊಟ್ಟ. ಚಾಂದನಿ ಚೌಕದ ಅಂಗಡಿಗೆ ಒಯ್ದರು, ತೊಳೆಸಿದರು. ಸರಿಹೋಗಲಿಲ್ಲ. ಮತ್ತೊಂದು ಅಂಗಡಿಗೆ ಒಯ್ದು ಅಲ್ಲೂ ಜಗಳವಾಡಿ ಬಂದರು. ಮಳೆಗಾಲ ಮುಗಿಯುವವರೆಗೂ ಇದೇ ಪಾಡು. ಒಂದು ಭಾನುವಾರ ರೋಸಿಹೋಗಿ, ಎಂದೂ ಯಾರಿಗೂ ಕೊಡದ ಕ್ಯಾಮೆರಾವನ್ನು ನನ್ನ ಕೈಗೇ ತುರುಕಿದರು.

"ನೀನೇ ನೋಡು, ನಡುವೆ ಕಲೆ ಇದೆಯೋ ಇಲ್ಲವೋ!"

ನೋಡಿದೆ. ಎದುರು ಬ್ಲಾಕಿನ ಬಾಲ್ಕನಿ, ಒಣಗಿದ ಬಟ್ಟೆ, ಎಲ್ಲ ನಿಚ್ಚಳ. "ಏನೂ ಇಲ್ವಲ್ಲ ಸಾರ್."

ಕಸಿದುಕೊಂಡು ಎಂದಿನಂತೆ ಎಡಗಣ್ಣು ಮುಚ್ಚಿ ಬಲಗಣ್ಣಿಟ್ಟರು. ಆಮೇಲೆ ಬಲಗಣ್ಣು ಮುಚ್ಚಿ ಎಡಗಣ್ಣಿಟ್ಟರು. ಕ್ಯಾಮೆರಾ ಮೆಲ್ಲಗೆ ಕೆಳಗಿಳಿಯಿತು. ಎರಡೂ ಕಣ್ಣು ತೆರೆದು ತಿರುಗುವಾಗ ಗೊತ್ತೇ ಆಗದ ಬಲಗಣ್ಣಿನ ಕಲೆ, ಒಂಟಿ ಕಣ್ಣಲ್ಲಿ ನೋಡುವ ಆ ಕೆಲಸದಲ್ಲಿ ಮಾತ್ರ ಕಾಣಿಸುತ್ತಿತ್ತು. ಕಾಣಿಸಿದಾಗೆಲ್ಲ ಪಾಪ ಗಾಜನ್ನು ಬೈದುಕೊಂಡಿದ್ದರು.

ಆಸ್ಪತ್ರೆಗೆ ನಾನೂ ಜೊತೆಗೆ ಹೋಗಿದ್ದೆ. ಕಣ್ಣಿನ ಪರದೆಯ ನಡುಭಾಗ ಹಾಳಾಗಿದೆ, ಮೊದಲೇ ಬಂದಿದ್ದರೆ ಬಹಳಷ್ಟು ಉಳಿಸಬಹುದಿತ್ತು, ಎಡಗಣ್ಣಿಗೂ ಶುರುವಾಗಿದೆ ಎಂದರು ಡಾಕ್ಟರು. ಕೇಶವಮೂರ್ತಿ ಅಚ್ಛಾ, ಅಚ್ಛಾ ಎಂದು ತಲೆಯಾಡಿಸುತ್ತಲೇ ಇದ್ದರು. ನನಗೆ ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯಲಿಲ್ಲ.

ಇಂಜೆಕ್ಷನ್ನುಗಳಾದವು. ಆದರೂ ಚಳಿಗಾಲದ ಹೊತ್ತಿಗೆ ಎರಡೂ ಕಣ್ಣುಗಳಲ್ಲಿ ನಡುವೆ ಮಬ್ಬು ಕೂತಿತ್ತು. ಅಂಚಿನಲ್ಲಿ ಎಲ್ಲ ಕಾಣುತ್ತದೆ, ನೇರ ನೋಡಿದರೆ ಮಾಯ. ಆದರೂ ಜೈಸಲ್ಮೇರಿಗೆ ಹೊರಟರು. ಈ ಸಲ ಸುಮಿತ್ರಾ ಜೊತೆಯಲ್ಲಿದ್ದರು. ಅಲ್ಲಿ ನಡೆದದ್ದನ್ನು ಹಿಂದಿರುಗಿದ ಮೇಲೆ ಅವರೇ ನಮ್ಮ ಅಡುಗೆಮನೆಯಲ್ಲಿ ನಿಂತು ಹೇಳಿದರು.

"ಬೆಳಿಗ್ಗೆ ಜೀಪಿಂದ ಇಳಿದಿದ್ವಿ. ಬೇಲಿಯಾಚೆ ಹುಲ್ಲಲ್ಲಿ ಅದೇ ಹಕ್ಕಿ ಗೋಪಿನಾಥ್, ಇಷ್ಟು ಹತ್ತಿರ! ನಿಧಾನಕ್ಕೆ ನಡ್ಕೊಂಡು ಹೋಗ್ತಿದೆ. ಇವರು ಕ್ಯಾಮೆರಾ ಎತ್ತಿದ್ರು. ಆ ಕಡೆ ತಿರುಗಿಸ್ತಾರೆ, ಈ ಕಡೆ ತಿರುಗಿಸ್ತಾರೆ, 'ಎಲ್ಲಿ, ಎಲ್ಲಿ' ಅಂತಾರೆ. ಎದುರಿಗೇ ಇದೆ ರೀ ಅಂದೆ. 'ಎದುರಿಗಿದ್ರೆ ನಂಗೆ ಕಾಣಲ್ಲ ಕಣೇ' ಅಂದ್ರು." ಸುಮಿತ್ರಾ ಸೆರಗಿನಲ್ಲಿ ಮುಖ ಒರೆಸಿಕೊಂಡರು. "ಆಮೇಲೆ ಕ್ಯಾಮೆರಾ ಪಟ್ಟಿ ಕತ್ತಿಂದ ತೆಗೆದು ನನ್ನ ಕತ್ತಿಗೆ ಹಾಕಿದ್ರು. ಒತ್ತು ಅಂದ್ರು. ಒತ್ತಿದೆ."

ಆ ಚಿತ್ರ ಈಗ ಅವರ ಹಾಲಿನಲ್ಲಿ ಕಟ್ಟು ಹಾಕಿಸಿಕೊಂಡು ತೂಗುತ್ತಿದೆ. ಬೇಲಿಯ ತಂತಿಯ ಒಂದೊಂದು ಮುಳ್ಳೂ ಎಣಿಸಬಹುದು. ಹಿಂದೆ ಹಕ್ಕಿಯಿರಬೇಕಾದ ಕಡೆ ಬಿಳಿ ಕಂದು ಮಬ್ಬು. "ತುಂಬಾ ಚೆನ್ನಾಗಿ ಬಂದಿದೆ" ಎಂದು ಸುಮಿತ್ರಾ ಗಂಡನಿಗೆ ಹೇಳಿದ್ದಾರೆ. ಬಂದವರಿಗೆಲ್ಲ ಕಣ್ಣಲ್ಲೇ ಸನ್ನೆ ಮಾಡುತ್ತಾರೆ, ನಾವೂ ಹೂಂ ಎನ್ನುತ್ತೇವೆ.

ಮೊನ್ನೆ ಸುಮಿತ್ರಾ ಚಹಾ ತರಲು ಒಳಗೆ ಹೋಗಿದ್ದಾಗ ಕೇಶವಮೂರ್ತಿ ಚಿತ್ರದ ಕಡೆ ಮುಖ ಮಾಡಿ ಕೇಳಿದರು. "ಕಪ್ಪು ಟೋಪಿ ಕಾಣ್ತಿದೆಯಾ ಗೋಪಿ?"

"ಚೆನ್ನಾಗಿ ಕಾಣ್ತಿದೆ ಸಾರ್."

"ಬೇಲಿ ಅಡ್ಡ ಇತ್ತಲ್ಲಪ್ಪಾ. ಫೋಕಸ್ ಎಲ್ಲಿ ಹೋಗುತ್ತೆ ಅಂತ ನಂಗೊತ್ತಿಲ್ವಾ?" ಎಂದರು. ಅಡುಗೆಮನೆಯ ಕಡೆ ಕಿವಿಗೊಟ್ಟು, ದನಿ ತಗ್ಗಿಸಿದರು. "ಅವಳಿಗೆ ಹೇಳ್ಬೇಡ. ಚೆನ್ನಾಗಿ ಬಂದಿದೆ ಅಂದ್ಕೊಂಡಿದ್ದಾಳೆ."