ಪಾರ್ಕಿನಲ್ಲಿ ತಾಳ ಹಾಕಿದ ಡಾಕ್ಟರರ ಹೆಂಡತಿ

ಡಾಕ್ಟರ್ ಆನಂದತೀರ್ಥರಿಗೆ ಸಂಗೀತ ಗೊತ್ತಿತ್ತು. ಧಾರವಾಡದಲ್ಲಿ ಹುಟ್ಟಿದ್ದೇ ಅದಕ್ಕೆ ಪುರಾವೆ ಎಂದು ಅವರು ನಂಬಿದ್ದರು. ತಾವು ಹಾಡುತ್ತಿರಲಿಲ್ಲ, ಏನನ್ನೂ ನುಡಿಸುತ್ತಿರಲಿಲ್ಲ. ಬೇರೆಯವರು ಹಾಡುವಾಗ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು, ಆಮೇಲೆ ಕಣ್ಣು ತೆರೆದು ತಪ್ಪು ಹೇಳುತ್ತಿದ್ದರು. ಆಸ್ಪತ್ರೆಯಲ್ಲಿ ಅರಿವಳಿಕೆ ಕೊಟ್ಟು ಜನರನ್ನು ಮಲಗಿಸುವುದು ಅವರ ಕೆಲಸ. ಮನೆಗೆ ಬಂದು ಊಟಕ್ಕೆ ಕೂತಾಗಲೂ ಅದನ್ನೇ ಮುಂದುವರಿಸುತ್ತಾರೆ ಎಂದು ಹೆಂಡತಿ ಕಲ್ಯಾಣಿಗೆ ಎಷ್ಟೋ ಸಲ ಅನಿಸಿತ್ತು.

ಕಲ್ಯಾಣಿ ಮೈಸೂರಿನವಳು. ಇಂಗ್ಲಿಷರ ನಾಡಿಗೆ ಬಂದ ಮೇಲೆ ಗ್ರೀನ್‌ಫರ್ಡಿನ ಒಂದು ಜಿಪಿ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್ ಆಗಿದ್ದಳು. ಜೊತೆಗೆ ಕೆಲಸ ಮಾಡುವ ಮೊರೀನ್ ಒಂದು ದಿನ ಕೌಬಾಯ್ ಧಾಟಿಯ ಹಾಡು ಹೇಳುವ ಅಮೆರಿಕದ ಕಂಟ್ರಿ ಬ್ಯಾಂಡೊಂದರ ಕ್ಯಾಸೆಟ್ ಕೊಟ್ಟಳು. ಬಿಟ್ಟುಬಂದ ಊರು, ಹಳೇ ಲಾರಿ, ತಿರುಗಿ ನೋಡದ ಹೆಂಗಸು; ಎಲ್ಲ ಹಾಡುಗಳೂ ಹೆಚ್ಚುಕಡಿಮೆ ಇವೇ. ಆದರೂ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ ಅವನ್ನು ಕೇಳಿ ಕಲ್ಯಾಣಿ ಅತ್ತದ್ದುಂಟು.

"ದನಾ ಕಾಯೋವ್ರು ನೆಗಡಿ ಆದಾಗ ಒದರಿದಂಗ ಅದ" ಎಂದಿದ್ದರು ಡಾಕ್ಟರು.

ತೊಂಬತ್ತೇಳರ ಬೇಸಿಗೆಯಲ್ಲಿ ಆ ಬ್ಯಾಂಡು ಕ್ರೋಯ್ಡನ್ ಕಡೆಯ ಒಂದು ಪಾರ್ಕಿಗೆ ಬಂತು. ಕಲ್ಯಾಣಿ ಇಬ್ಬರಿಗೂ ಟಿಕೆಟ್ ತಂದಳು.

"ನಾ ಯಾಕ ಬರಬೇಕು?"

"ನನ್ನ ಐವತ್ತನೇ ಹುಟ್ಟುಹಬ್ಬ ಅಲ್ವೇನ್ರೀ?"

"ಹಂಗಾದ್ರ ಬರಲಿಕ್ಕೇ ಬೇಕಾತು" ಎಂದರು, ಸಾವಿನ ಮನೆಗೆ ಹೊರಟವರ ದನಿಯಲ್ಲಿ.

ಪಾರ್ಕಿನ ತುಂಬ ಟೋಪಿಗಳು. ವಾರವೆಲ್ಲ ಇನ್ಶೂರೆನ್ಸ್ ಆಫೀಸಿನಲ್ಲಿ ಕೂರುವ ಗಂಡಸರು ಅಗಲ ಅಂಚಿನ ಟೋಪಿ, ಚೂಪು ಮೂತಿಯ ಬೂಟು ಹಾಕಿಕೊಂಡು, ಈಗತಾನೇ ಕುದುರೆ ಇಳಿದವರ ಹಾಗೆ ಕಾಲಗಲಿಸಿ ನಡೆಯುತ್ತಿದ್ದರು. ಕೂರಲು ಒಣಹುಲ್ಲಿನ ಪೆಂಡಿಗಳನ್ನು ತರಿಸಿ ಹಾಕಿದ್ದರು. ಪ್ಯಾಂಟಿಗೆ ಹುಲ್ಲು ಚುಚ್ಚುತ್ತದೆ ಎಂದು ಅವುಗಳ ಮೇಲೆ ಯಾರೂ ಕೂತಿರಲಿಲ್ಲ.

ಡಾಕ್ಟರು ಮನೆಯಿಂದ ತಂದ ಮಡಿಸುವ ಕುರ್ಚಿ ಬಿಡಿಸಿ ಕೂತರು. "ಇವರಾಗ ಒಬ್ಬನರ ಸಗಣಿ ಮುಟ್ಟ್ಯಾನೇನು?"

"ನೀವು ಮುಟ್ಟಿದ್ದೀರಾ?"

ಅವರು ಪ್ಯಾಂಟಿನ ಮೇಲಿಂದ ಒಂದು ಹುಲ್ಲುಕಡ್ಡಿ ಕೊಡವಿದರು.

ಬ್ಯಾಂಡು ಶುರುವಾಯಿತು. ಹಾಡುಗಾರನ ಹೊಟ್ಟೆ ಬೆಲ್ಟಿನ ಮೇಲೆ ಜೋತುಬಿದ್ದಿತ್ತು. ಮೇಲಿನ ಸ್ವರ ಬಂದಾಗೆಲ್ಲ ಮೈಕನ್ನು ಜನರ ಕಡೆ ಚಾಚುತ್ತಿದ್ದ. ಕಷ್ಟದ ಕೆಲಸವನ್ನು ಅವರೇ ಮಾಡಬೇಕಿತ್ತು. ಹಾಡಿಗೂ ಹಾಡಿಗೂ ನಡುವೆ ಟೀಶರ್ಟ್ ಎಲ್ಲಿ ಸಿಗುತ್ತದೆಂದು ಹೇಳುತ್ತಿದ್ದ. ಕಲ್ಯಾಣಿಯನ್ನು ಅಳಿಸಿದ್ದ ಹಾಡನ್ನು ಬಸ್ಸು ತಪ್ಪಿಹೋಗುತ್ತದೆ ಎನ್ನುವ ಅವಸರದಲ್ಲಿ ಮುಗಿಸಿದ.

"ಮೂರ ಸ್ವರ ಅವ. ಅದರಾಗೂ ಒಂದು ಬೇಸೂರ" ಎಂದರು ಡಾಕ್ಟರು.

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಅದನ್ನೇ ಕಲ್ಯಾಣಿಗೆ ಸಹಿಸಲಾಗಲಿಲ್ಲ.

ಅಷ್ಟರಲ್ಲಿ ಡಾಕ್ಟರು ಚೀಲದಿಂದ ವಾಕ್‌ಮನ್ ತೆಗೆದರು. ಹೆಡ್‌ಫೋನ್ ಕಿವಿಗೇರಿಸಿ, ಕಣ್ಣು ಮುಚ್ಚಿ, ಸಾವಿರಾರು ಜನರ ನಡುವೆ ತಮ್ಮ ವಿಲಂಬಿತ ಖ್ಯಾಲಿಗೆ ತಲೆದೂಗತೊಡಗಿದರು. ಒಂದು ಕೈ ಗಾಳಿಯಲ್ಲಿ ತಾಳ ಹಾಕುತ್ತಿತ್ತು. ಪಕ್ಕದ ಹುಡುಗಿಯರು ಕಿಸಕ್ಕನೆ ನಕ್ಕರು. ಒಬ್ಬಳು ಫೋಟೋ ಹೊಡೆದಳು.

ಕಲ್ಯಾಣಿ ಗಂಡನನ್ನೇ ನೋಡಿದಳು. ಆ ತಲೆದೂಗಾಟಕ್ಕೆ ಅವಳು ಇಷ್ಟು ವರ್ಷ ಹೆದರಿದ್ದಳು. ತಾನು ಗುನುಗುತ್ತಿದ್ದ ಪದಗಳನ್ನೆಲ್ಲ ಅದರೆದುರು ನುಂಗಿಕೊಂಡಿದ್ದಳು. ಈಗ ಕಂಡದ್ದು, ತಾನು ಇಲ್ಲಿಗೆ ಬಂದಿಲ್ಲ ಎಂದು ತೋರಿಸಲಿಕ್ಕೇ ಇಷ್ಟು ದೂರ ಬಂದು ಕೂತ ಒಬ್ಬ ಬೆವರಿದ ಮುದುಕ. ಅವಳಿಗೆ ಸಿಟ್ಟೂ ಬರಲಿಲ್ಲ, ನಗುವೂ ಬರಲಿಲ್ಲ. ಎದ್ದು ವೇದಿಕೆಯ ಕಡೆ ನಡೆದಳು.

ಬೇಲಿಯ ಹತ್ತಿರ ಹೆಂಗಸರು ಸಾಲಾಗಿ ನಿಂತು ಕುಣಿಯುತ್ತಿದ್ದರು. ಗುಲಾಬಿ ಟೋಪಿಯ ಒಬ್ಬ ಮುದುಕಿ ಇವಳ ಮೊಣಕೈ ಹಿಡಿದು ಸಾಲಿಗೆ ಎಳೆದುಕೊಂಡು, "ಎಡಕ್ಕೆ ಕಣಮ್ಮ, ಎಡಕ್ಕೆ!" ಎಂದು ಇಂಗ್ಲಿಷಿನಲ್ಲಿ ಕೂಗಿದಳು. ಕಲ್ಯಾಣಿ ಬಲಕ್ಕೆ ಹೋಗಿ ಯಾರದೋ ಕಾಲು ತುಳಿದಳು. ಮಳೆ ಹನಿಯಿತು, ಆಮೇಲೆ ಸುರಿಯಿತು. ಜನ ಮರದಡಿಗೆ ಓಡಿದರು. ಹಾಡುಗಾರ ಮಾತ್ರ ವೇದಿಕೆಯ ಅಂಚಿಗೆ ಬಂದು, ಟೋಪಿಯಿಂದ ನೀರು ಇಳಿಯುತ್ತಿದ್ದರೂ ನೆನೆಯುತ್ತ ಹಾಡಿದ. ಆಗಲೂ ಚೆನ್ನಾಗೇನೂ ಹಾಡಲಿಲ್ಲ.

ತಿರುಗಿ ಬಂದು ನೋಡಿದರೆ ಕುರ್ಚಿಯೂ ಇಲ್ಲ, ಗಂಡನೂ ಇಲ್ಲ. ಕಾರೂ ಹೋಗಿತ್ತು. ಒದ್ದೆ ಚೂಡಿದಾರದಲ್ಲೇ ಅವಳು ಟ್ರೈನು ಹತ್ತಿ ವಿಕ್ಟೋರಿಯಾ ಸ್ಟೇಷನ್ನಿಗೆ ಬಂದು, ಅಲ್ಲಿಂದ ನೆಲದಡಿಯ ಟ್ಯೂಬ್ ರೈಲಿನಲ್ಲಿ ಮನೆ ಸೇರಿದಳು.

ಡಾಕ್ಟರು ಮೇಜಿನ ಮುಂದೆ ಕೂತಿದ್ದರು. "ಮಳಿ ಬಂತು. ನೀ ಎಲ್ಲೂ ಕಾಣಲಿಲ್ಲ. ಹೆಡ್‌ಫೋನ್ ತೊಯ್ಸಿಕೋಬಾರ್ದಂತ ಬಂದೆ. ಸಾರು ಬಿಸಿ ಮಾಡ್ತೀಯೇನು?"

"ಮಾಡ್ಕೊಳ್ಳಿ" ಎಂದು ಕಲ್ಯಾಣಿ ಮಹಡಿ ಹತ್ತಿದಳು. ಕೆಳಗೆ ಅವರು ಪಾತ್ರೆ ಹುಡುಕುವ ಸದ್ದು ಬಹಳ ಹೊತ್ತು ಕೇಳಿಸಿತು.

ದೀಪಾವಳಿಗೆ ವೆಂಬ್ಲಿಯ ಒಂದು ಸಭಾಂಗಣದಲ್ಲಿ ಕನ್ನಡಿಗರ ಊಟವಿತ್ತು. ಅಲ್ಲಿ ಡಾಕ್ಟರು ಈ ಕಥೆಯನ್ನು ತಮಾಷೆಯಾಗಿ ಹೇಳಿದರು. "ನಮ್ಮಾಕಿ ದನಗಾಹಿಗಳ ಜೋಡಿ ಕುಣದ್ಲು!" ಎಲ್ಲರೂ ನಕ್ಕರು. ನಗು ಮುಗಿಯುವವರೆಗೆ ಕಲ್ಯಾಣಿ ಕಾದಳು.

"ಅವನು ಕೆಟ್ಟದಾಗೇ ಹಾಡಿದ, ಇವರು ಹೇಳೋದು ನಿಜ" ಎಂದಳು. "ಆದ್ರೆ ಮಳೆ ಬಂದಾಗ ಅವನು ನಿಂತಿದ್ದ. ಇವರು ನನ್ನನ್ನ ಅಲ್ಲೇ ಬಿಟ್ಟು ಕಾರು ತಗೊಂಡು ಹೋದ್ರು."

ಹೋಳಿಗೆ ಬಡಿಸುತ್ತಿದ್ದ ಶ್ರೀಲತಾ ತಟ್ಟೆ ಹಿಡಿದು ನಿಂತೇಬಿಟ್ಟಳು. ಡಾಕ್ಟರು ತುಪ್ಪ ಕೇಳಿದರು.

ಆ ಚಳಿಗಾಲದಿಂದ ಕಲ್ಯಾಣಿ ಮೊರೀನ್ ಜೊತೆ ಚರ್ಚಿನ ಸಭಾಂಗಣದಲ್ಲಿ ಸಾಲುಕುಣಿತದ ತರಗತಿಗೆ ಸೇರಿದಳು. ಎಡಬಲ ಕೊನೆಗೂ ತಿಳಿಯಿತು. ಮಂಡಿ ನೋವು ಶುರುವಾಗುವ ತನಕ ಬಿಡದೆ ಹೋದಳು. ಒಮ್ಮೆ ಹಿಮ ಬಿದ್ದಾಗ ಡಾಕ್ಟರು ಅವಳನ್ನು ಕರೆದೊಯ್ಯಲು ಬಂದರು. ಒಳಗೆ ಕಾಲಿಡದೆ, ಕಿಟಕಿ ಏರಿಸಿಕೊಂಡು ಕಾರಿನಲ್ಲೇ ಕೂತರು. ಕಲ್ಯಾಣಿ ಅವರನ್ನು ನೋಡಿದಳು, ಇನ್ನೂ ಎರಡು ಹಾಡು ಕುಣಿದೇ ಹೊರಗೆ ಬಂದಳು.